ದುಡಿಮೆಯ ಊರಿನಲ್ಲಿ ಓದಿನ ಹೊತ್ತು

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆದವರು ಸಂಘಗಳ ಸ್ಥಾಪನೆಯ ವರ್ಷ, ಕಟ್ಟಡಗಳ ಶಿಲಾನ್ಯಾಸ, ಅಧ್ಯಕ್ಷರ ಸಾಲು, ನಾಟಕ ಯಕ್ಷಗಾನಗಳ ವಿವರ ಇವುಗಳನ್ನೆಲ್ಲ ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆ ದಾಖಲೆಗಳಲ್ಲಿ ಕೈಗೆ ಸಿಗದೆ ಜಾರಿಹೋಗುವ ಒಂದು ಸಂಗತಿಯೆಂದರೆ ಹೊತ್ತು. ದಿನಕ್ಕೆ ಒಂಬತ್ತು ಹತ್ತು ಗಂಟೆ ದುಡಿದವನು ಯಾವಾಗ ಓದಿದ? ಆ ಓದಿನ ಗಂಟೆಯನ್ನು ಅವನು ಯಾರ ಪಾಲಿನಿಂದ ಕತ್ತರಿಸಿಕೊಂಡ? ಧಣಿಯ ಪಾಲಿನಿಂದಲೋ, ನಿದ್ದೆಯ ಪಾಲಿನಿಂದಲೋ, ಗೆಳೆಯರ ಪಾಲಿನಿಂದಲೋ? ಈ ಪ್ರಶ್ನೆಗೆ ಕಳೆದ ನೂರಕ್ಕೂ ಮಿಕ್ಕ ವರ್ಷಗಳಲ್ಲಿ ಉತ್ತರ ಬದಲಾಗುತ್ತ ಬಂದಿದೆ. ಆ ಬದಲಾವಣೆಯೆಲ್ಲ ಲಾಭವೇ ಎಂದು ಒಪ್ಪುವುದು ನನಗೆ ಕಷ್ಟ.

ಮೊದಲು ರವಿವಾರದ ಮಾತು. ಇಂದು ದೂರಶಿಕ್ಷಣದ ಸಂಪರ್ಕ ತರಗತಿಗಳು ನಡೆಯುವುದು ಬಹುಪಾಲು ರವಿವಾರಗಳಂದೇ. ಈ ರವಿವಾರ ಮುಂಬಯಿಯ ದುಡಿಯುವ ಜನಕ್ಕೆ ಪಂಚಾಂಗದಿಂದ ಬಂದದ್ದಲ್ಲ, ಹೋರಾಟದಿಂದ ಬಂದದ್ದು. ಜೋತಿರಾವ್ ಫುಲೆಯವರ ಸಹವರ್ತಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಸಂಘಟಿಸಿ, ವರ್ಷಗಟ್ಟಲೆ ಮನವಿಗಳನ್ನು ಸಲ್ಲಿಸಿ, 1890ರಲ್ಲಿ ಗಿರಣಿಗಳಿಗೆ ವಾರದ ರಜೆಯನ್ನು ದೊರಕಿಸಿಕೊಟ್ಟರು. ಉಳಿದ ಆರು ದಿನಗಳ ಲೆಕ್ಕ ಆಗಲೂ ಭಯಂಕರವೇ. ಬಟ್ಟೆ ಗಿರಣಿಯ ವಯಸ್ಕ ಗಂಡಸಿನ ದುಡಿಮೆಗೆ ಹನ್ನೆರಡು ಗಂಟೆಯ ಮಿತಿ ಬಂದದ್ದು 1911ರ ಕಾಯಿದೆಯಿಂದ. ಅದು 1922ರಲ್ಲಿ ಹನ್ನೊಂದಕ್ಕೆ, 1934ರಲ್ಲಿ ಹತ್ತಕ್ಕೆ, 1948ರಲ್ಲಿ ಒಂಬತ್ತಕ್ಕೆ ಇಳಿಯಿತು. ಸುಮಾರು ನಲವತ್ತು ವರ್ಷಗಳಲ್ಲಿ ಕಾರ್ಮಿಕನ ದಿನಕ್ಕೆ ಮೂರು ಗಂಟೆ ಮರಳಿ ಬಂತು. ರಾತ್ರಿ ಶಾಲೆಗಳ ಚರಿತ್ರೆಯನ್ನು ಈ ಮೂರು ಗಂಟೆಗಳ ಪಕ್ಕದಲ್ಲಿಟ್ಟು ಓದಬೇಕು.

ಈ ನಗರದಲ್ಲಿ ರಾತ್ರಿ ಶಾಲೆಗಳ ಕಲ್ಪನೆ ಹಳೆಯದು. ಪ್ರಾರ್ಥನಾ ಸಮಾಜದವರು 1870ರ ದಶಕದಲ್ಲಿಯೇ ದುಡಿಯುವವರಿಗಾಗಿ ಅವುಗಳನ್ನು ತೆರೆದಿದ್ದರು. ಅದೇ ಸಮಾಜದ ಪ್ರಚಾರಕರಾಗಿ ಕೆಲಸ ಮಾಡಿದ, ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕಾಗಿ ಮಿಷನ್ ಸ್ಥಾಪಿಸಿದರು. ಮರಾಠಿಯವರು ಅವರನ್ನು ತಮ್ಮವರೆಂದು ನೆನೆಯುವುದು ಸಹಜ. ಕನ್ನಡ ನೆಲದ ನಂಟನ್ನು ನಾವು ಆಗಾಗ ನೆನಪಿಸಿಕೊಂಡರೆ ತಪ್ಪಿಲ್ಲ. 1911ರಲ್ಲಿ ಎನ್. ಎಂ. ಜೋಶಿಯವರು ಆರಂಭಿಸಿದ ಸೋಶಿಯಲ್ ಸರ್ವಿಸ್ ಲೀಗ್ ಕೂಡ ಇದೇ ಹಾದಿಯನ್ನು ಹಿಡಿಯಿತು.

ನಮ್ಮ ಜನರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿಯೇ ರಾತ್ರಿ ಶಾಲೆಯನ್ನು ಆರಂಭಿಸಿತು. ಕರ್ನಾಟಕ ಏಕೀಕರಣಕ್ಕೆ ಇನ್ನೂ ಅರ್ಧ ಶತಮಾನ ಬಾಕಿಯಿದ್ದಾಗ, ಕಡಲ ಕರಾವಳಿಯಿಂದ ಬಂದ ಜನ ಪರಊರಿನಲ್ಲಿ ತಮ್ಮ ಹುಡುಗರಿಗೆ ಕನ್ನಡದಲ್ಲಿ ಅಕ್ಷರ ಕಲಿಸುವ ವ್ಯವಸ್ಥೆ ಮಾಡಿಕೊಂಡಿದ್ದರೆಂಬುದನ್ನು ಗಮನಿಸಬೇಕು. ಮುಂದೆ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ ಬಂತು. ಕೋಟೆ ಪ್ರದೇಶದಲ್ಲಿ, ಅಂದರೆ ನಾವು ಫೋರ್ಟ್ ಎನ್ನುವಲ್ಲಿ, ಇನ್ನೂ ಕೆಲವು ಕನ್ನಡ ರಾತ್ರಿ ಶಾಲೆಗಳು ನಡೆದವು. ಫೋರ್ಟಿನಲ್ಲಿಯೇ ಏಕೆಂಬುದಕ್ಕೆ ಕಾರಣ ಸರಳ. ಹೋಟೆಲುಗಳೂ ಕ್ಯಾಂಟೀನುಗಳೂ ಕಚೇರಿಗಳೂ ಇದ್ದದ್ದು ಅಲ್ಲಿ. ಹುಡುಗರು ದುಡಿದದ್ದೂ ಮಲಗಿದ್ದೂ ಅಲ್ಲಿಯೇ.

ಆ ಹುಡುಗನ ದಿನವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳೋಣ. ದಕ್ಷಿಣ ಕನ್ನಡದ ಹಳ್ಳಿಯಿಂದ ಮೊದಲು ಹಡಗಿನಲ್ಲೋ, ಆಮೇಲಿನ ಕಾಲದಲ್ಲಿ ಬಸ್ಸಿನಲ್ಲೋ ಬಂದವನು. ನಾಲ್ಕನೆಯದೋ ಏಳನೆಯದೋ ತರಗತಿಗೆ ಓದು ನಿಂತಿದೆ. ಊರಿನ ಪರಿಚಯದ ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆಯುವುದರಿಂದ ಆರಂಭ; ಬಡ್ತಿ ಸಿಕ್ಕಿದರೆ ಮೇಜು ಒರೆಸುವುದು, ಆಮೇಲೆ ಮಾಣಿ, ಅದೃಷ್ಟವಿದ್ದರೆ ಗಲ್ಲೆ. ಬೆಳಗಿನ ಜಾವ ಏಳಬೇಕು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರರಿಂದ ನಾಲ್ಕೂವರೆಯ ತನಕ ಸ್ವಲ್ಪ ಬಿಡುವು. ಕಚೇರಿ ಬಿಡುವ ಹೊತ್ತಿಗೆ ಮತ್ತೆ ಜನವೋ ಜನ. 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೋಟೆಲ್ ಕೆಲಸಗಾರನಿಗೂ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಆದರೆ ಆ ಒಂಬತ್ತು ಗಂಟೆಗಳು ಒಟ್ಟಿಗೇ ಬರುತ್ತಿರಲಿಲ್ಲ. ಬೆಳಗಿಗೊಂದಿಷ್ಟು, ಮಧ್ಯಾಹ್ನಕ್ಕೊಂದಿಷ್ಟು, ರಾತ್ರಿಗೊಂದಿಷ್ಟು ಎಂದು ಹರಿದು ಹಂಚಿಹೋಗುತ್ತಿದ್ದವು. ರಾತ್ರಿ ಶಾಲೆಯ ಗಂಟೆ ಬಾರಿಸುವುದೂ, ಹೋಟೆಲಿನಲ್ಲಿ ಸಂಜೆಯ ಗಿರಾಕಿಗಳು ತುಂಬುವುದೂ ಒಂದೇ ವೇಳೆಗೆ.

ಹಾಗಾಗಿ ಹುಡುಗನನ್ನು ಯಾರಾದರೂ ಬಿಡಬೇಕಿತ್ತು. ರಾತ್ರಿ ಶಾಲೆಯ ಚರಿತ್ರೆಯ ತಿರುಳು ಈ ಬಿಡುವ ಕ್ರಿಯೆಯಲ್ಲಿದೆ ಎಂದು ನನ್ನ ನಂಬಿಕೆ. ಧಣಿ ಬಿಟ್ಟರೆ ಹುಡುಗ ಓದಿದ, ಬಿಡದಿದ್ದರೆ ಇಲ್ಲ. ಆದರೆ ಧಣಿಯೂ ಅದೇ ಸಂಘದ ಸದಸ್ಯ. ಶಾಲೆಗೆ ದೇಣಿಗೆ ಬರೆಸಿದವನು. ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಕುಳಿತವನು. ಸಭೆಯಲ್ಲಿ ವಿದ್ಯೆಯ ಮಹತ್ವದ ಮೇಲೆ ಮಾತಾಡಿದವನಿಗೆ ಮರುದಿನ ತನ್ನದೇ ಮಾಣಿಯನ್ನು ಆರೂವರೆಗೆ ಬಿಡುವುದಿಲ್ಲ ಎನ್ನುವುದು ಅಷ್ಟು ಸುಲಭವಲ್ಲ. ಒಬ್ಬ ಬಡ ಹುಡುಗನ ಎರಡು ಗಂಟೆಗಾಗಿ ಇಡೀ ಸಮಾಜ ಹೀಗೆ ನಾಚಿಕೆಯನ್ನೂ ಮರ್ಯಾದೆಯನ್ನೂ ಪಣಕ್ಕಿಟ್ಟು ಚೌಕಾಸಿ ಮಾಡುತ್ತಿತ್ತು. ಎಲ್ಲ ಧಣಿಗಳೂ ಉದಾರಿಗಳಾಗಿದ್ದರೆಂದು ಇದರ ಅರ್ಥವಲ್ಲ. ಪರೀಕ್ಷೆಯ ತನಕ ತಲುಪದೆ ನಡುವೆಯೇ ಉದುರಿಹೋದವರ ಸಂಖ್ಯೆಯನ್ನು ಯಾವ ಸ್ಮರಣ ಸಂಚಿಕೆಯೂ ಅಚ್ಚು ಹಾಕುವುದಿಲ್ಲ.

ಇನ್ನೊಂದು ಮಾತು. ರಾತ್ರಿ ಶಾಲೆಯ ಹುಡುಗ ಒಂಟಿಯಾಗಿ ಓದಲಿಲ್ಲ. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ ಇಪ್ಪತ್ತರ ತರುಣನ ಪಕ್ಕದಲ್ಲಿ ಅಂಥವನೇ ಇನ್ನೊಬ್ಬ. ಪಾಠ ಹೇಳುವ ಮೇಷ್ಟ್ರು ಹಗಲಿಡೀ ಇನ್ನೆಲ್ಲೋ ದುಡಿದು ಬಂದವರು, ಅವರಿಗೂ ಆಕಳಿಕೆ. ರಾತ್ರಿ ಎಲ್ಲರೂ ಒಟ್ಟಿಗೆ ನಡೆದು ಹಿಂದಿರುಗಿ, ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುವರು. ದುಡಿಮೆ, ಓದು, ಗೆಳೆತನ ಮೂರೂ ಒಂದೇ ಸೂರಿನಡಿ ನಡೆಯುತ್ತಿದ್ದುದರಿಂದ ಅವುಗಳನ್ನು 'ಸರಿದೂಗಿಸುವ' ಪ್ರಶ್ನೆ ಅವರ ಮುಂದೆ ಇರಲಿಲ್ಲ. ನಿದ್ದೆಯೊಂದು ಮಾತ್ರ ಸಾಲುತ್ತಿರಲಿಲ್ಲ.

ನಿದ್ದೆಯ ವಿಷಯಕ್ಕೆ ಬಂದರೆ ಮುಂಬಯಿಯ ಒಂದು ಖೋಲಿಯ ಕಥೆ ನೆನಪಾಗದೆ ಇರದು. ಪರೇಲಿನ ಚಾಳಿನ ಇಕ್ಕಟ್ಟಿನಲ್ಲಿ ಭೀಮರಾವ್ ಅಂಬೇಡ್ಕರರು ಮೆಟ್ರಿಕ್ಕಿಗೆ ಓದುತ್ತಿದ್ದಾಗ, ತಂದೆ ರಾಮ್‌ಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ತಾವು ಎಚ್ಚರವಿದ್ದು, ಬೆಳಗಿನ ಜಾವ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. ಎಬ್ಬಿಸಿದ ಮೇಲೆ ಆ ಜಾಗದಲ್ಲಿ ತಾವು ಮಲಗುವರು. ಮಗನ ಓದಿಗಾಗಿ ಮನೆಯವರು ತಮ್ಮ ನಿದ್ದೆಯನ್ನೇ ಪಾಳಿಗೆ ಹಾಕಿದ್ದರು. ಅದೇ ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, 1946ರ ಜೂನ್ 20ರಂದು ಸಿದ್ಧಾರ್ಥ ಕಾಲೇಜನ್ನು ತೆರೆದರು. ದುಡಿಯುವವರು ಓದಿ ಮುಗಿಸಿ ಕೆಲಸಕ್ಕೆ ಹೋಗಲು ಅನುಕೂಲವಾಗುವಂತೆ ಅಲ್ಲಿ ಬೆಳಗಿನ ಹೊತ್ತೇ ತರಗತಿಗಳು ನಡೆದವು. ಕಾಲೇಜಿನ ವೇಳಾಪಟ್ಟಿಯನ್ನು ಕಾರಕೂನನ ಹಾಜರಿ ಪುಸ್ತಕಕ್ಕೆ ಹೊಂದಿಸಿದ ಆ ಏರ್ಪಾಡು ನನ್ನ ಮಟ್ಟಿಗೆ ದೊಡ್ಡ ಶೈಕ್ಷಣಿಕ ಚಿಂತನೆ. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನ ಮುಂದೆ ಕಾಲೇಜೆಂಬ ಗೋಡೆ ನಿಂತಿತ್ತು. ಬೆಳಗಿನ ಕಾಲೇಜು ಆ ಗೋಡೆಯಲ್ಲಿ ಒಂದು ಬಾಗಿಲು ಕೊರೆಯಿತು.

ಮೆಟ್ರಿಕ್ಕಿಗೂ ಪದವಿಗೂ ನಡುವೆ ಮುಂಬಯಿ ಕನ್ನಡಿಗರಿಗೆ ಇನ್ನೊಂದು ಮೆಟ್ಟಿಲಿತ್ತು: ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್. ಹೋಟೆಲಿನಿಂದ ಕಚೇರಿಗೆ ಜಿಗಿಯಲು ಇದಕ್ಕಿಂತ ಒಳ್ಳೆಯ ಹಲಗೆ ಇರಲಿಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಅಂಚೆಯ ಮೂಲಕ ಪಾಠ ಹೇಳುವ ಪದ್ಧತಿಯ ಮೂಲಪುರುಷರಲ್ಲಿ ಒಬ್ಬನೆಂದು ಎಣಿಸುವುದು ಶಾರ್ಟ್‌ಹ್ಯಾಂಡಿನ ಐಸಾಕ್ ಪಿಟ್‌ಮನ್ನನನ್ನೇ. ಇಂಗ್ಲೆಂಡಿನಲ್ಲಿ 1840ರಲ್ಲಿ ಅಗ್ಗದ ಅಂಚೆ ಬಂದೊಡನೆ ಅವನು ತನ್ನ ಲಿಪಿಯ ಪಾಠಗಳನ್ನು ಕಾರ್ಡುಗಳಲ್ಲಿ ಕಳುಹಿಸಿ, ಶಿಷ್ಯರು ಬರೆದದ್ದನ್ನು ಅಂಚೆಯಲ್ಲಿಯೇ ತಿದ್ದಿ ಹಿಂದಿರುಗಿಸುತ್ತಿದ್ದ. ನಮ್ಮ ಹುಡುಗರನ್ನು ತಟ್ಟೆ ತೊಳೆಯುವ ತೊಟ್ಟಿಯಿಂದ ಬಿಡಿಸಿದ ವಿದ್ಯೆ, ದೂರಶಿಕ್ಷಣದ ಮೊದಲ ವಿದ್ಯೆಗಳಲ್ಲಿ ಒಂದೂ ಹೌದು.

ಪದವಿಯ ಮಟ್ಟಕ್ಕೆ ಈ ಅಂಚೆ ಪಾಠ ನಮ್ಮ ದೇಶದಲ್ಲಿ ಬಂದದ್ದು ತಡವಾಗಿ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಹಿಂಬಾಲಿಸಿತು. ಇಂದು ಕಲೀನಾದ ವಿದ್ಯಾನಗರಿಯಲ್ಲಿರುವ ದೂರಶಿಕ್ಷಣ ಸಂಸ್ಥೆಯ ಮೂಲ ಅದೇ. ಇದರ ಪರಿಣಾಮವನ್ನು ಎರಡು ಬಗೆಯಲ್ಲಿ ನೋಡಬೇಕು.

ಮೊದಲನೆಯದು ಹೆಂಗಸರ ವಿಷಯ. ರಾತ್ರಿ ಶಾಲೆಯ ಬಗ್ಗೆ ನಾವು ಎಷ್ಟೇ ಪ್ರೀತಿಯಿಂದ ಮಾತಾಡಿದರೂ ಅದು ಮುಖ್ಯವಾಗಿ ಗಂಡಸರ ಜಗತ್ತು. ಮದುವೆಯಾಗಿ ಮುಂಬಯಿಗೆ ಬಂದು ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಭಾಂಡುಪಿನಲ್ಲೋ ಸಂಸಾರ ಹೂಡಿದ, ಊರಿನಲ್ಲಿ ಪಿಯುಸಿಗೆ ಓದು ನಿಲ್ಲಿಸಿದ ಹೆಣ್ಣುಮಗಳಿಗೆ ಸಂಜೆ ಆರೂವರೆಯೆಂದರೆ ಒಲೆಯ ಮುಂದೆ ನಿಲ್ಲುವ ಹೊತ್ತು. ಅವಳಿಗೆ ಪಾಠ ಮನೆಯ ಬಾಗಿಲಿಗೇ ಬರಬೇಕಾಗಿತ್ತು, ಬಂತು. ಎಂಥ ರಾತ್ರಿ ಶಾಲೆಯೂ ಮಾಡಲಾರದ ಕೆಲಸವನ್ನು ಅಂಚೆಯಣ್ಣ ಮಾಡಿದ. ಕಲೀನಾದ ರಾನಡೆ ಭವನದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ, ನಡುವಯಸ್ಸಿನಲ್ಲಿ ಎಂ.ಎ., ಪಿಎಚ್.ಡಿ. ಮಾಡಿದ ಗೃಹಿಣಿಯರನ್ನೂ ನೌಕರರನ್ನೂ ನಾವೆಲ್ಲ ಬಲ್ಲೆವು. ಆ ವಿಭಾಗವನ್ನು ಮುನ್ನಡೆಸಿದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರಾಗಿದ್ದವರು. 1974ರಲ್ಲಿ ಬಂದ ಅವರ 'ಹೊಸಗನ್ನಡದ ಅರುಣೋದಯ' ನಮ್ಮ ಸಾಹಿತ್ಯ ಚರಿತ್ರೆಯ ದೊಡ್ಡ ಸಂಶೋಧನೆಗಳಲ್ಲಿ ಒಂದು.

ಎರಡನೆಯದು ಅಷ್ಟು ಸುಖದ ವಿಷಯವಲ್ಲ. ಪಾಠ ಲಕೋಟೆಯಲ್ಲಿ ಬಂದ ಕೂಡಲೇ ಧಣಿಯ ಬಳಿ ಹೊತ್ತು ಕೇಳುವ ಅಗತ್ಯವೇ ಇಲ್ಲವಾಯಿತು. ಓದುವವನು ಯಾವಾಗ ಬೇಕಾದರೂ ಓದಬಹುದು ಎಂದರು. ಯಾವಾಗ ಬೇಕಾದರೂ ಎಂಬುದರ ಅರ್ಥ, ಬೇರೆ ಎಲ್ಲವೂ ಮುಗಿದ ಮೇಲೆ ಎಂದಾಯಿತು. ಮೊದಲು ಸಂಘದ ಪ್ರಶ್ನೆಯಾಗಿದ್ದ ಬಿಡುವು ಈಗ ಒಬ್ಬೊಬ್ಬನ ಶಿಸ್ತಿನ ಪ್ರಶ್ನೆಯಾಯಿತು. ಹಾಜರಾತಿಯಿಲ್ಲ, ಪಕ್ಕದ ಬೆಂಚಿಲ್ಲ, ಒಟ್ಟಿಗೆ ನಡೆದು ಬರುವ ದಾರಿಯೂ ಇಲ್ಲ.

1985ನೆಯ ಇಸವಿ ಈ ಕಥೆಯಲ್ಲಿ ವಿಶೇಷವಾದುದು. ಅದೇ ವರ್ಷ ಸಂಸತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಕಾಯಿದೆಯನ್ನು ಅಂಗೀಕರಿಸಿತು. ಅದೇ ವರ್ಷ ಕೇಂದ್ರ ಸರಕಾರದ ಆಡಳಿತ ಕಚೇರಿಗಳಿಗೆ ವಾರಕ್ಕೆ ಐದು ದಿನಗಳ ಕೆಲಸದ ಪದ್ಧತಿ ಬಂತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸಿದವರು ಯಾರೂ ಇರಲಿಕ್ಕಿಲ್ಲ. ಆದರೆ ನನ್ನಂಥ ನೌಕರನ ದೃಷ್ಟಿಯಲ್ಲಿ, 1890ರ ರವಿವಾರದ ಪಕ್ಕಕ್ಕೆ 95 ವರ್ಷಗಳ ಬಳಿಕ ಒಂದು ಶನಿವಾರ ಬಂದು ನಿಂತಂತಾಯಿತು. 1987ರಲ್ಲಿ ಎರಡು ಡಿಪ್ಲೊಮಾಗಳೊಂದಿಗೆ, 4,528 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭಿಸಿದ ಆ ವಿಶ್ವವಿದ್ಯಾಲಯ ಇಂದು ದೇಶದ ಮೂಲೆಮೂಲೆಗೂ ಹಬ್ಬಿದೆ.

ಸರಕಾರಿ ನೌಕರನ ಓದಿಗೆ ಸರಕಾರವೇ ರಜೆ ಕೊಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೊಡುತ್ತದೆ. 1972ರ ರಜಾ ನಿಯಮಗಳ ಪ್ರಕಾರ ಐದು ವರ್ಷ ಸೇವೆ ಸಲ್ಲಿಸಿದವರಿಗೆ, ಇಡೀ ಸೇವಾವಧಿಯಲ್ಲಿ ಸಾಮಾನ್ಯವಾಗಿ 24 ತಿಂಗಳವರೆಗೆ, ಅಧ್ಯಯನ ರಜೆಯ ಅವಕಾಶವಿದೆ. ಆದರೆ ಆ ಓದಿನಿಂದ ಸರಕಾರಕ್ಕೆ ನಿಶ್ಚಿತ ಪ್ರಯೋಜನವಿರಬೇಕು, ಮತ್ತು ವಿಷಯವು ಕೇವಲ ಶಾಸ್ತ್ರೀಯವೋ ಸಾಹಿತ್ಯಿಕವೋ ಆಗಿರಬಾರದು ಎಂಬ ಷರತ್ತಿದೆ. ಇಂಗ್ಲಿಷ್ ಸಾಹಿತ್ಯದ ಎಂ.ಎ.ಗೆ ಕುಳಿತ ನಾನು ಆ ವಾಕ್ಯವನ್ನು ಎರಡು ಸಲ ಓದಿ ನಕ್ಕಿದ್ದೇನೆ. ಷೇಕ್ಸ್‌ಪಿಯರನಿಂದ ಸರಕಾರಕ್ಕೇನು ಪ್ರಯೋಜನವೆಂದು ಟಿಪ್ಪಣಿ ಬರೆಯುವ ಶಕ್ತಿ ನನಗಿಲ್ಲ. ಹಾಗೆ ನೋಡಿದರೆ ನಿಯಮ ಬರೆದವರು ಸಾಹಿತ್ಯಕ್ಕೆ ಗೌರವವನ್ನೇ ಸಲ್ಲಿಸಿದ್ದಾರೆ. ಅದನ್ನು ಸ್ವಂತ ಹೊತ್ತಿನಲ್ಲಿ ಓದಿ ಎಂದಿದ್ದಾರೆ, ಅಷ್ಟೆ.

ಸ್ವಂತ ಹೊತ್ತೆಷ್ಟು? ನಾನು ಸೇರಿದಾಗ ಆ ಎಂ.ಎ.ಗೆ 64 ಕ್ರೆಡಿಟ್‌ಗಳಿದ್ದವು. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಗುಣಿಸಿದರೆ 1,920 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಹದಿನೆಂಟೂವರೆ ಗಂಟೆ. ಡೊಂಬಿವಲಿಯಿಂದ ಸಿಎಸ್‌ಟಿಗೆ 48 ಕಿಲೋಮೀಟರ್. ನಿಧಾನ ಲೋಕಲ್ಲಿನಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಹೋಗಿಬರುವುದನ್ನು ಐದು ದಿನಕ್ಕೆ ಲೆಕ್ಕ ಹಾಕಿದರೆ ಹನ್ನೆರಡೂವರೆ ಗಂಟೆ ಸಿಗುತ್ತದೆ. ಉಳಿದ ಆರು ಗಂಟೆಗಳನ್ನು ಶನಿವಾರದಿಂದ ಕತ್ತರಿಸಿಕೊಂಡರೆ ಲೆಕ್ಕ ಚುಕ್ತಾ. ಲೆಕ್ಕ ಕಾಗದದ ಮೇಲೆ ಸರಿಯಾಗುತ್ತದೆ, ಲೋಕಲ್ಲಿನಲ್ಲಿ ಆಗುವುದಿಲ್ಲ. ಬೆಳಗಿನ ಗಾಡಿಯಲ್ಲಿ ಪುಸ್ತಕ ಬಿಡಿಸಲು ಮೊಣಕೈ ಅಲ್ಲಾಡಬೇಕಲ್ಲ? ಕೂರಲು ಜಾಗ ಸಿಕ್ಕಿದರೂ ಸಂಜೆ ಕಣ್ಣು ತೂಗುತ್ತದೆ. ಅದಕ್ಕಿಂತ ದೊಡ್ಡ ಅಡಚಣೆ ಸಹಪ್ರಯಾಣಿಕರು. ಹತ್ತು ವರ್ಷಗಳಿಂದ ಒಂದೇ ಡಬ್ಬಿಯಲ್ಲಿ, ಒಂದೇ ಕಿಟಕಿಯ ಬಳಿ ಭಜನೆಯೋ ಇಸ್ಪೀಟೋ ಹರಟೆಯೋ ನಡೆಸುತ್ತ ಬಂದ ಗುಂಪಿಗೆ ನೀವು ಒಂದು ದಿನ ಬೆನ್ನು ತಿರುಗಿಸಿ ಪುಸ್ತಕ ತೆರೆದರೆ ಅದು ಓದು ಎನಿಸುವುದಿಲ್ಲ, ಮುನಿಸು ಎನಿಸುತ್ತದೆ.

ಗೆಳೆತನದ ಪಾಲು ಹೀಗೆ ಸದ್ದಿಲ್ಲದೆ ಕರಗುತ್ತದೆ. ಮೊದಲು ತಪ್ಪುವುದು ಸಂಘದ ಕಾರ್ಯಕ್ರಮ. ಮಾಟುಂಗದಲ್ಲಿ ನಾಟಕವಿದ್ದರೆ 'ನಿಮಗೆ ಪರೀಕ್ಷೆ ಇರಬೇಕು' ಎಂದು ಅವರೇ ಊಹಿಸಿ ಕರೆಯುವುದನ್ನು ಬಿಡುತ್ತಾರೆ. ಆಮೇಲೆ ಮದುವೆ, ಗೃಹಪ್ರವೇಶ. ಜೂನ್ ಮತ್ತು ಡಿಸೆಂಬರ್ ಪರೀಕ್ಷೆಯ ತಿಂಗಳುಗಳಾದ್ದರಿಂದ ಮೇ ತಿಂಗಳಲ್ಲಿ ಊರಿಗೆ ಹೋದರೂ ಚೀಲದಲ್ಲಿ ಪುಸ್ತಕ. ರಾತ್ರಿ ಶಾಲೆಯ ಹುಡುಗನಿಗೆ ಓದಿನಿಂದ ಗೆಳೆಯರು ಸಿಕ್ಕಿದರು. ಅಂಚೆಯ ವಿದ್ಯಾರ್ಥಿ ಓದಿಗಾಗಿ ಗೆಳೆಯರಿಂದ ದೂರವಾಗಬೇಕಾಯಿತು. 'ದೂರ'ಶಿಕ್ಷಣ ಎಂಬ ಹೆಸರಿನಲ್ಲಿರುವ ದೂರ ಯಾವುದರಿಂದ ಎಂದು ಆಗಾಗ ಅನ್ನಿಸಿದ್ದುಂಟು.

ಹೊರನಾಡಿನವರಿಗೆ ಇನ್ನೊಂದು ದೂರವೂ ಎದುರಾಯಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರೂಪುಗೊಂಡಿತು. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿಯೇ ಓದಿ ಪದವಿ ಪಡೆಯಬೇಕೆಂಬವರಿಗೆ ಸಹಜವಾಗಿ ಕಾಣುತ್ತಿದ್ದ ದಾರಿ ಅದು. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಗಡಿಯೊಳಗೇ ದೂರಶಿಕ್ಷಣ ನೀಡಬೇಕೆಂಬ ನಿಲುವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2013ರಲ್ಲಿ ಬಿಗಿಗೊಳಿಸಿತು. ಗಡಿ ಮೀರಿ ಕೇಂದ್ರಗಳನ್ನು ನಡೆಸಿದ ಆರೋಪದ ನಡುವೆ 2013-14ರಿಂದಾಚೆಗೆ ಆ ವಿಶ್ವವಿದ್ಯಾಲಯದ ಮಾನ್ಯತೆಯೇ ನಿಂತು, 2018ರಲ್ಲಿ ಮರಳಿ ದೊರಕಿತು. ಮರಳಿದ ಮಾನ್ಯತೆ ಕರ್ನಾಟಕದೊಳಗಿನದು. ಎಲ್ಲೆಂದರಲ್ಲಿ ಅಂಗಡಿ ತೆರೆದು ಪದವಿ ಮಾರುವುದನ್ನು ತಡೆಯಲು ಇಂಥದೊಂದು ನಿಯಮ ಬೇಕಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಭಾಷೆಯ ಗಡಿಯೂ ರಾಜ್ಯದ ಗಡಿಯೂ ಒಂದೇ ಅಲ್ಲವೆಂಬುದನ್ನು ಕಾಸರಗೋಡಿನವನೋ ಸೊಲ್ಲಾಪುರದವನೋ ಮುಂಬಯಿಯವನೋ ಹೇಳಬೇಕಾಗುತ್ತದೆ. ದೂರವನ್ನು ದಾಟುವುದಕ್ಕೆಂದೇ ಹುಟ್ಟಿದ ಶಿಕ್ಷಣಕ್ಕೆ ಗಡಿಕಲ್ಲು ನೆಟ್ಟದ್ದು ವಿಚಿತ್ರವೇ. ಪೂರ್ಣ ಆನ್‌ಲೈನ್ ಕೋರ್ಸುಗಳಿಗೆ ಈ ಗಡಿ ಅನ್ವಯಿಸುವುದಿಲ್ಲವೆಂಬುದು ಈಚಿನ ಸಮಾಧಾನ. ಅದರ ಪ್ರಯೋಜನ ಹೊರನಾಡ ಕನ್ನಡಿಗರಿಗೆ ಎಷ್ಟರಮಟ್ಟಿಗೆ ದಕ್ಕೀತೆಂದು ನೋಡಬೇಕು.

ಇಷ್ಟಾದರೂ ಅಂಚೆಯ ವಿದ್ಯಾರ್ಥಿಗಳು ಗೆಳೆತನವನ್ನು ಪೂರ್ತಿ ಕಳೆದುಕೊಂಡರೆಂದು ಹೇಳಿದರೆ ಅನ್ಯಾಯವಾದೀತು. ಸಂಪರ್ಕ ತರಗತಿಗಳಿಗೆ ಹಾಜರಾತಿ ಕಡ್ಡಾಯವಲ್ಲ, ಬರುವವರು ಕಡಿಮೆ. ಬಂದವರು ಮಾತ್ರ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನಮ್ಮ ಕೇಂದ್ರದಲ್ಲಿ ಹಾಗೆ ಐದು ಜನ ಒಟ್ಟಾದೆವು: ಒಬ್ಬ ಬ್ಯಾಂಕ್ ನೌಕರ, ಒಬ್ಬರು ಮರಾಠಿ ಶಾಲೆಯ ಶಿಕ್ಷಕಿ, ಒಬ್ಬ ಆಸ್ಪತ್ರೆಯ ರಾತ್ರಿಪಾಳಿಯ ಉದ್ಯೋಗಿ, ಕುಂದಾಪುರ ಕಡೆಯ ಹೋಟೆಲ್ ಮ್ಯಾನೇಜರರೊಬ್ಬರು, ನಾನು. ಅಸೈನ್‌ಮೆಂಟುಗಳನ್ನು ಹಂಚಿಕೊಂಡು ಚರ್ಚಿಸುವುದು, ಉತ್ತರವನ್ನು ಅವರವರೇ ಬರೆಯುವುದು ಎಂದು ಒಪ್ಪಂದ. ಮೇಷ್ಟ್ರು ಹೋದ ಮೇಲೂ ಖಾಲಿ ತರಗತಿಯಲ್ಲಿ ಕೂತು ಓದುತ್ತಿದ್ದೆವು. ಕಾವಲುಗಾರ ಬಂದು ದೀಪ ಆರಿಸಿದ ಮೇಲೆ ಸ್ಟೇಷನ್ನಿನ ತನಕ ಒಟ್ಟಿಗೆ ನಡೆಯುತ್ತಿದ್ದೆವು. ಹೋಟೆಲಿನವರು ತಮ್ಮ ರವಿವಾರದ ಬಿಡುವನ್ನು ಧಣಿಯಿಂದ ಕೇಳಿ ಪಡೆದಿದ್ದರು, ಬದಲಿಗೆ ಸೋಮವಾರ ಹೆಚ್ಚು ಹೊತ್ತು ನಿಲ್ಲುವ ಕರಾರಿನ ಮೇಲೆ. ಅವರಪ್ಪ ಫೋರ್ಟಿನ ರಾತ್ರಿ ಶಾಲೆಯಲ್ಲಿ ಓದಿದವರಂತೆ. ನಮ್ಮಲ್ಲಿ ಇಬ್ಬರು ಎರಡು ವರ್ಷಕ್ಕೆ ಮುಗಿಸಿದರು, ಮತ್ತಿಬ್ಬರಿಗೆ ನಾಲ್ಕು ವರ್ಷ ಹಿಡಿಯಿತು. ಹೋಟೆಲಿನವರಿಗೆ ಅವಧಿ ಮುಗಿದುಹೋಗಿ ಮತ್ತೊಮ್ಮೆ ಹೆಸರು ನೋಂದಾಯಿಸಬೇಕಾಯಿತು. ಇನ್ನೂ ಎರಡು ಪತ್ರಿಕೆಗಳು ಬಾಕಿಯಿವೆ. ಬರುವ ಡಿಸೆಂಬರಿಗೆ ಕಟ್ಟುತ್ತೇನೆ ಎನ್ನುತ್ತಾರೆ.